ಕಣ್ಣಿ ಕಟ್ಟಿದ ಕಪಾಟು

ಹಳೆಯ ಕಪಾಟಿನ ಬಣ್ಣ ಕೆರೆದು ಅದನ್ನು ಕೂಸಿನ ಖೋಲಿಗೆ ಸಜ್ಜುಗೊಳಿಸುವ ವಿಷಯದಲ್ಲಿ ಹೂವಿನ ಹಿಪ್ಪರಗಿಗೂ ಸುತ್ತಲಿನ ಹಳ್ಳಿಗಳಿಗೂ ಸದ್ಯ ನಾನೊಬ್ಬನೇ ತಜ್ಞ. ಇದನ್ನು ನಾನೇ ಹೇಳಿಕೊಳ್ಳಬಾರದು, ನಿಜ. ಆದರೆ ಏಳು ತಿಂಗಳು ಕಾದರೂ ಬೇರೆ ಯಾರೂ ಹೇಳಲಿಲ್ಲ. ನನ್ನ ಅನುಭವ ಒಟ್ಟು ಒಂದು ಕಪಾಟಿನದು. ಒಂದೇ ಕಪಾಟೇ ಎಂದು ಮೂಗು ಮುರಿಯುವವರಿದ್ದಾರೆ. ಒಂದೇ ಕಪಾಟಿನ ಮೇಲೆ ಏಳು ತಿಂಗಳು ದುಡಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಮುಂದೆ ಬರಲಿ, ಮಾತಾಡೋಣ.

ಊರಿನ ಬಗ್ಗೆ ಮೊದಲೇ ಒಂದು ಸ್ಪಷ್ಟನೆ. ನಮ್ಮ ಕಡೆ ಹಿಪ್ಪರಗಿ ಅಂದರೆ ಮೂರು. ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಇದೆ. ದೇವರ ಹಿಪ್ಪರಗಿ ಈಗ ತಾಲೂಕು. ನಮ್ಮದು ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ. ಬ್ಯಾರೇಜೂ ಇಲ್ಲ, ತಾಲೂಕೂ ಅಲ್ಲ, ಹೆಸರು ಮಾತ್ರ ಮೂರರಲ್ಲಿ ಚೆಂದ. ನಾನು ತರಿಸಿದ ಇಪ್ಪತ್ತು ಹಾಳೆ ಪಾಲಿಶ್ ಪೇಪರ್ ಮೊದಲು ದೇವರ ಹಿಪ್ಪರಗಿಗೆ ಹೋಗಿ, ಅಲ್ಲಿ ನಾಲ್ಕು ದಿನ ಇದ್ದು, ಆಮೇಲೆ ನಮ್ಮೂರಿಗೆ ಬಂತು. ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರೆಂದು ಹೆಸರಾದ ಸ್ಥಳ. ಉಜ್ಜಿ ಉಜ್ಜಿ ಕೊಳೆ ತೆಗೆಯುವ ಸಾಮಾನು ಆ ಮಣ್ಣು ಮುಟ್ಟಿ ಬಂದದ್ದು ಒಳ್ಳೆಯದೇ ಎಂದು ನಾನು ತಕರಾರು ಮಾಡಲಿಲ್ಲ.

ಸಂಕ್ರಮಣ ಕಳೆದ ಮೇಲೆ ಹೆಂಡತಿಗೆ ಕುಬಸ ಆಯಿತು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಕುಬಸದ ಬೆನ್ನಿಗೇ ಅವಳು ತಾಳಿಕೋಟಿಗೆ ಹೋದಳು. ಹೆರಿಗೆ ಅಲ್ಲಿ, ತೊಟ್ಟಿಲಿಗೆ ಹಾಕುವುದು ಅಲ್ಲಿ, ಹೆಸರಿಡುವುದು ಅಲ್ಲಿ, ಐದು ತಿಂಗಳ ಎಣ್ಣೆ-ನೀರು ಅಲ್ಲಿ. ಕೊನೆಗೆ ತಾಯಿ-ಕೂಸನ್ನು ನಮ್ಮ ಮನೆಗೆ ಕಳಿಸುವಾಗ ತೊಟ್ಟಿಲನ್ನೂ ಅವರೇ ಕೊಟ್ಟು ಕಳಿಸಬೇಕು. ಅಂದರೆ ಕೂಸಿನ ಪೀಠೋಪಕರಣ ಖಾತೆ ಪೂರ್ತಿ ತವರಿನ ಕೈಯಲ್ಲಿ. ಕುಬಸದಿಂದ ಮರಳಿ ಬರುವ ತನಕ ತಂದೆ ಅನ್ನಿಸಿಕೊಳ್ಳುವವನು ಖಾತೆ ಇಲ್ಲದ ಮಂತ್ರಿ. ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ, ಕಡತ ಮಾತ್ರ ಬರುವುದಿಲ್ಲ. ಇಂಥ ದಿನಗಳಲ್ಲಿ ಗಂಡಸಿಗೆ ಕೈ ತುರಿಸುವುದು ಸಹಜ. ಕೆಲವರು ಇಸ್ಪೀಟು ಹಿಡಿಯುತ್ತಾರೆ. ನಾನು ಕಪಾಟು ಹಿಡಿದೆ.

ಫೋನಿನಲ್ಲಿ ವಿಡಿಯೋ ನೋಡಿದ್ದೆ. ಅಮೆರಿಕದ ಬಸುರಿ ಹೆಂಗಸೊಬ್ಬಳು ಯಾರದೋ ಮನೆಯ ಹಳೇ ಖಾನೆ ಕಪಾಟನ್ನು ತಂದು, ಕೆರೆದು, ಬಣ್ಣ ಹಚ್ಚಿ, ಮೇಲೆ ಒಂದು ಗೊಂಬೆ ಇಟ್ಟು ನಿಂತಳು. ಹನ್ನೊಂದು ನಿಮಿಷ. ಅವರಲ್ಲಿ ಕೂಸಿಗೆ ಬೇರೆ ಖೋಲಿ ಇರುತ್ತದೆ, ಅದಕ್ಕೆ ನರ್ಸರಿ ಅನ್ನುತ್ತಾರೆ. ನಾನು ಕಟ್ಟೆಯ ಮೇಲೆ ಕೂತವರಿಗೆ, ಮನೆಯಲ್ಲಿ ನರ್ಸರಿ ಮಾಡುತ್ತಿದ್ದೇನೆ ಎಂದೆ. ಹಿರಿಯರೊಬ್ಬರು ತಕ್ಷಣ ಹೇಳಿದರು: "ಇಂಡಿಯಿಂದ ಲಿಂಬಿ ಅಗಿ ತರಸ್ರಿ ಮಾಸ್ತರ, ಅವು ಚಲೋ ಹತ್ತತಾವ." ನಾನು ಕೂಸಿನ ನರ್ಸರಿ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದನ್ನ ತಾಳಿಕೋಟ್ಯಾಗ ಹಚ್ಚ್ಯಾರಲ್ಲ?" ಎಂದರು.

ಅವ್ವನ ಆಕ್ಷೇಪ ಬೇರೆ ಥರದ್ದು. ಖಾಲಿ ತೊಟ್ಟಿಲು ತೂಗಬಾರದು, ಹುಟ್ಟದ ಕೂಸಿಗೆ ಅಂಗಿ ಹೊಲಿಸಬಾರದು, ಮುಂಚಿತವಾಗಿ ಏನನ್ನೂ ತರಬಾರದು. ನಾನು ಎಲ್ಲ ನಿಷೇಧಗಳನ್ನೂ ಹಾಳೆಯ ಮೇಲೆ ಬರೆದುಕೊಂಡು ಪರಿಶೀಲಿಸಿದೆ. ಕಪಾಟಿನ ಬಗ್ಗೆ ಎಲ್ಲಿಯೂ ಏನೂ ಹೇಳಿರಲಿಲ್ಲ. ಹೊಸದಲ್ಲ, ಹಳೆಯದು ಎಂದಾಗ ಅವ್ವ ಪೂರ್ತಿ ಮೆತ್ತಗಾದಳು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ತೊಡಿಸುವುದೇ ಹಳೆಯ ಅರಿವೆ. ಹತ್ತು ಮಕ್ಕಳು ಆಡಿ ಬೆಳೆದ ತೊಟ್ಟಿಲನ್ನು ಕೇಳಿ ಇಸಿದುಕೊಂಡು ಬರುವುದು ಹೆಮ್ಮೆಯ ವಿಷಯ. ಅಮೆರಿಕದವರು ಈಗ ಕಂಡುಹಿಡಿದದ್ದನ್ನು ಅವ್ವ "ಅದೇನ್ ಹೊಸಾದು" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ತಜ್ಞರಿಗೆ ಮನೆಯಲ್ಲಿ ಇಂಥ ಅಡೆತಡೆಗಳು ಸಾಮಾನ್ಯ.

ಖರೀದಿಯ ವಿಷಯಕ್ಕೆ ಬರೋಣ. ನಮ್ಮ ಭಾಗದಲ್ಲಿ ಹಳೆಯ ಕಟಗಿ ಸಾಮಾನು ಮಾರುವವರೆಲ್ಲ ಹೇಳುವ ಮಾತು ಒಂದೇ: ಇದು ಮುಳುಗಡೆ ಮನೆಯದು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳು ಹೋದವು, ಬಾಗಲಕೋಟೆ ಪೇಟೆಯ ಒಂದು ದೊಡ್ಡ ಭಾಗ ಹೋಯಿತು. ಜನ ಮನೆ ಬಿಡುವಾಗ ತೊಲೆ, ಕಂಬ, ಬಾಗಿಲು, ಚೌಕಟ್ಟು ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೊಸ ಮನೆಗೆ ಹಿಡಿಸದ್ದನ್ನು ಮಾರಿದರು. ಇದೆಲ್ಲ ನಿಜ. ಆದರೆ ಅಂದಿನಿಂದ ಇಂದಿನವರೆಗೆ ಮುಳುಗಡೆ ಮಾಲೆಂದು ಮಾರಾಟವಾದ ಬಾಗಿಲುಗಳನ್ನೆಲ್ಲ ಒಂದರ ಪಕ್ಕ ಒಂದು ನಿಲ್ಲಿಸಿದರೆ ಕೃಷ್ಣೆಗೆ ಇನ್ನೊಂದು ಆಣೆಕಟ್ಟು ಆಗುತ್ತದೆ. ಪ್ರತಿ ಮನೆಗೂ ಕನಿಷ್ಠ ಹದಿನೈದು ಬಾಗಿಲು ಇದ್ದಿರಬೇಕು. ಗಾಳಿಗೇನೂ ಕೊರತೆ ಇರಲಿಲ್ಲ ಅನ್ನಿಸುತ್ತದೆ.

ನಿಡಗುಂದಿ ಕಡೆಯ ಮಾರಾಟಗಾರರು ಮೂರು ಖಾನೆಯ ಕಪಾಟು ತೋರಿಸಿ ಸಾಗವಾನಿ ಎಂದರು, ಮುಳುಗಡೆಯದು ಎಂದರು. ನಾನು ಗಣಿತದ ಮಾಸ್ತರ. ಯಾವ ಮಟ್ಟದ್ದು ಎಂದು ಕೇಳಿದೆ. ಈಗ ನೀರು ನಿಲ್ಲುವುದು 519.60 ಮೀಟರಿಗೆ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ, ಅದು ಇನ್ನೂ ಕಾಗದದಲ್ಲಿದೆ. ಅವರು ನನ್ನನ್ನೇ ನೋಡಿ, "ಇದು 519ರದು ಸಾಹೇಬ್ರ. ರೇಟ್ ಜಾಸ್ತಿ ಅನ್ಸಿದ್ರ ಸ್ವಲ್ಪ ತಡೀರಿ. 524 ಆಗ್ಲಿ, ಆವಾಗ ಬರ್ರಿ, ಸೋವಿ ಕೊಡ್ತೀನಿ" ಎಂದರು. ಒಂದು ರಾಜ್ಯದ ನೀರಾವರಿ ನೀತಿಯನ್ನು ಇಷ್ಟು ಸ್ಪಷ್ಟವಾಗಿ ನಾನು ಯಾವ ಸಂಪಾದಕೀಯದಲ್ಲೂ ಓದಿಲ್ಲ. ಕೇಳಿದಷ್ಟು ಕೊಟ್ಟೆ.

ದಾರಿಯಲ್ಲಿ ಒಂದು ವಿಚಾರ ಸಮಾಧಾನ ಕೊಟ್ಟಿತು. ಆಲಮಟ್ಟಿಗೆ 1964ರ ಮೇ 22ರಂದು ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿಗಳು. ಆಗ ಅವರೂ ಕೇಂದ್ರದಲ್ಲಿ ಖಾತೆ ಇಲ್ಲದ ಮಂತ್ರಿಯೇ. ಹದಿನೆಂಟು ದಿನಕ್ಕೆ ಪ್ರಧಾನಿಯಾದರು. ನಾನು ತಾಳಿಕೋಟಿಗೆ ಫೋನ್ ಮಾಡಿ ಕಪಾಟಿನ ಸುದ್ದಿ ಹೇಳಿದೆ. ಅತ್ತೆಯವರು, "ಆತು ಬಿಡ್ರಿ, ಊಟ ಮಾಡೀರಿಲ್ಲೋ?" ಎಂದರು.

ಕಪಾಟನ್ನು ಹಿತ್ತಲಿಗೆ ಇಳಿಸಿ ಅಧ್ಯಯನ ಆರಂಭಿಸಿದೆ. ಮೇಲಿನ ಬಣ್ಣ ಆಕಾಶನೀಲಿ. ಅದರಡಿ ಹಸಿರು. ಅದರಡಿ ಕೆಂಪು, ಅದರಡಿ ಹಳದಿ, ತಳದಲ್ಲಿ ಕಪ್ಪಾದ ವಾರ್ನಿಶ್. ಪುರಾತತ್ವದವರು ಮಡಕೆ ಚೂರಿನಿಂದ ಕಾಲ ಹೇಳುತ್ತಾರೆ. ನಾನು ಬಣ್ಣದಿಂದ ಹೇಳುವ ವಿಧಾನವೊಂದನ್ನು ರೂಪಿಸಿದ್ದೇನೆ. ಅದಕ್ಕೆ ಮದುವೆ-ಪದರ ಸಿದ್ಧಾಂತವೆಂದು ಹೆಸರಿಟ್ಟಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಮನೆಯ ಕಟಗಿ ಸಾಮಾನಿಗೆ ಬಣ್ಣ ಕಾಣುವುದು ಮದುವೆ ಬಂದಾಗ ಮಾತ್ರ. ಆದ್ದರಿಂದ ಪದರ ಎಣಿಸಿದರೆ ಆ ಮನೆಯ ಲಗ್ನಗಳ ಲೆಕ್ಕ ಸಿಗುತ್ತದೆ. ಈ ಕಪಾಟಿನ ಮನೆಯಲ್ಲಿ ಕನಿಷ್ಠ ನಾಲ್ಕು ಲಗ್ನ ಆಗಿವೆ. ಹಸಿರು ಪದರ ಉಳಿದವುಗಳ ಎರಡು ಪಟ್ಟು ದಪ್ಪ. ಒಂದೇ ಹಂದರದಲ್ಲಿ ಅಕ್ಕ-ತಂಗಿ ಇಬ್ಬರದೂ ಮುಗಿಸಿದ್ದಾರೆ. ಕೆಂಪು ಮುಂಭಾಗಕ್ಕೆ ಮಾತ್ರ ಇದೆ, ಎರಡೂ ಬದಿಗೆ ಇಲ್ಲ. ಅದು 1972ರ ಬರದ ವರ್ಷದ ಮದುವೆ. ಈ ವಿವರಗಳನ್ನು ಹೇಳುವಾಗ ನನ್ನ ಕಣ್ಣು ತುಂಬಿ ಬಂತು. ಹಿತ್ತಲ ಗೋಡೆಯ ಆಚೆ ನಿಂತ ಹುಡುಗರಿಗೂ ತುಂಬಿ ಬಂದಿರಬೇಕು, ಮುಖ ತಿರುಗಿಸಿಕೊಂಡು ಹೋದರು.

ಇಲ್ಲಿ ಒಂದು ವಿಷಯವನ್ನು ಗಂಭೀರವಾಗಿ ಹೇಳಬೇಕು. ಅಂದರೆ ಉಳಿದದ್ದು ಗಂಭೀರವಲ್ಲವೆಂದಲ್ಲ. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುತ್ತದೆ. ಹಳದಿಯ ಹೊಳಪು ಲೆಡ್ ಕ್ರೋಮೇಟಿನದು, ಹಸಿರಿಗೂ ಅದನ್ನೇ ನೀಲಿಯ ಜೊತೆ ಬೆರೆಸುತ್ತಿದ್ದರು, ಕೆಂಪಿಗೆ ಸಿಂಧೂರವಿತ್ತು. ಸೀಸ ಮೈಯೊಳಗೆ ಹೋದರೆ ಕ್ಯಾಲ್ಸಿಯಮ್ಮಿನ ವೇಷ ಹಾಕಿಕೊಂಡು ಎಲುಬಿಗೂ ಮೆದುಳಿಗೂ ನುಗ್ಗುತ್ತದೆ. ದೊಡ್ಡವರು ಹೀರಿಕೊಳ್ಳುವುದರ ನಾಲ್ಕೈದು ಪಟ್ಟನ್ನು ಎಳೆಯ ಮಕ್ಕಳು ಹೀರಿಕೊಳ್ಳುತ್ತಾರೆ. ಇಷ್ಟಾದರೆ ಏನೂ ಆಗುವುದಿಲ್ಲ ಎನ್ನುವಂಥ ಸುರಕ್ಷಿತ ಪ್ರಮಾಣ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಕ್ಕೆ 90 ಪಿಪಿಎಂ ಮಿತಿ ಹಾಕಿದ ನಿಯಮ ಬಂದದ್ದು 2016ರಲ್ಲಿ; ಜಾರಿಗೆ ಬಂದದ್ದು 2017ರ ನವೆಂಬರ್ 1ಕ್ಕೆ. ಒಂದು ಕಿಲೋದಲ್ಲಿ 90 ಮಿಲಿಗ್ರಾಂ, ಅಷ್ಟೇ. ಅದಕ್ಕಿಂತ ಹಿಂದಿನ ಬಣ್ಣ ಕಂಡರೆ ಸೀಸವಿದೆ ಎಂದೇ ನಂಬಿ ನಡೆಯತಕ್ಕದ್ದು. ಬಿಜಾಪುರಕ್ಕೆ ವಿಜಯಪುರವೆಂದು ಹೆಸರು ಬಂದದ್ದೂ ನವೆಂಬರ್ 1ಕ್ಕೇ, 2014ರಲ್ಲಿ. ಮೂರು ವರ್ಷಕ್ಕೆ ಅದೇ ದಿನ ಬಣ್ಣದ ಡಬ್ಬಿಯಿಂದ ಸೀಸಕ್ಕೆ ಹೊರಗೆ ನಡೆಯೆಂದರು. ರಾಜ್ಯೋತ್ಸವದ ಭಾಷಣದಲ್ಲಿ ಯಾರೂ ಇದನ್ನು ಪ್ರಸ್ತಾಪಿಸುವುದಿಲ್ಲ. ನಾನು ನಮ್ಮ ಶಾಲೆಯಲ್ಲಿ ಪ್ರಸ್ತಾಪಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಭಾಷಣ ಮುಗಿಯಿತೆಂದು ತಿಳಿದಿದ್ದರು.

ಆದ್ದರಿಂದ ಒಣಗಿದ್ದನ್ನು ಒಣಗಿದಂತೆಯೇ ಉಜ್ಜಬಾರದು, ಧೂಳೇ ವಿಷ. ಬೆಂಕಿ ತೋರಿಸಿ ಸುಲಿಯಬಾರದು. ಹೊಗೆ ಇನ್ನೂ ಕೆಟ್ಟದ್ದು. ನೀರು ಹಚ್ಚಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಕಟ್ಟಿ, ಬಸುರಿ-ಬಾಣಂತಿ-ಮಕ್ಕಳನ್ನು ದೂರವಿಟ್ಟು, 80 ನಂಬರಿನ ಪೇಪರಿನಿಂದ ಸುರುಮಾಡಿ 120, 220 ಎಂದು ನಯಕ್ಕೆ ಬರಬೇಕು. ನಾನು ಬಸುರಿಯನ್ನು ತಾಳಿಕೋಟಿಯಷ್ಟು ದೂರ ಇಟ್ಟಿದ್ದೆ. ಇಷ್ಟು ಅಂತರ ಯಾವ ಅಮೆರಿಕನ್ ಮಾರ್ಗಸೂಚಿಯಲ್ಲೂ ಹೇಳಿಲ್ಲ.

ಕಪಾಟನ್ನು ಹೊಲಕ್ಕೆ ಸಾಗಿಸಿ ದಡದಲ್ಲಿ ಜಾಲಿಗಿಡದ ಕೆಳಗೆ ಇಟ್ಟೆ. ಮರುದಿನದಿಂದ ಸಲಹಾ ಸಮಿತಿ ತಾನಾಗಿ ರಚನೆಯಾಯಿತು. ಒಬ್ಬರು ವೆಲ್ಡಿಂಗ್ ಗ್ಯಾಸಿನಿಂದ ಸುಡಲು ಹೇಳಿದರು. ಇನ್ನೊಬ್ಬರು ಕಾಸ್ಟಿಕ್ ಸೋಡಾ ಎಂದರು. ಮೂರನೆಯವರು ಬಾವಿಯಲ್ಲಿ ಒಂದು ವಾರ ಮುಳುಗಿಸಿ ಎಂದರು. ಮುಳುಗಡೆಯಾದ ಕಪಾಟನ್ನು ಮತ್ತೆ ಮುಳುಗಿಸುವುದು ನನಗೆ ಸರಿ ಕಾಣಲಿಲ್ಲ, ಪರಿಹಾರದ ಪ್ರಶ್ನೆ ಏಳುತ್ತದೆ. ಕೆರೆದ ಕೆಸರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೊಬ್ಬರದ ಖಾಲಿ ಚೀಲದಲ್ಲಿ ಕಟ್ಟಿ, ಮೇಲೆ ಖಡುವಿನಿಂದ "ವಿಷ" ಎಂದು ಬರೆದು ಯಾರ ಕೈಗೂ ಸಿಗದಂತೆ ಅಟ್ಟಕ್ಕೆ ಏರಿಸಿದೆ. ಅಂದಿನಿಂದ ಹಬ್ಬದ ಹಿತ್ತಾಳೆ ಪಾತ್ರೆ ಇಳಿಸಿಕೊಡಲು ಅಟ್ಟಕ್ಕೆ ನಾನೇ ಹತ್ತಬೇಕು.

ಹಳದಿ ಪದರ ಹೋಗುವ ಹೊತ್ತಿಗೆ ಬಡಿಗೇರ ಕಾಕಾ ಬಂದರು. ಅವರು ಬಾಯಿ ಬಿಡುವ ಮೊದಲು ತಂಬಾಕು ತಿಕ್ಕುತ್ತಾರೆ. ತಿಕ್ಕುತ್ತಾ ಕಪಾಟನ್ನು ಒಂದು ಸುತ್ತು ಹಾಕಿದರು. ಉಗುರಿನಿಂದ ಒಂದು ಕಡೆ ಗೀರಿದರು, ಮೂಸಿದರು.

"ಸಾಗವಾನಿ ಅಂತ ಹೇಳ್ಯಾರೇನ್ರಿ ಸರ?"

"ಹೌದು ಕಾಕಾ."

"ಬೇವು ಐತಿದು."

ತಜ್ಞನಾದವನು ಇಂಥ ಹೊತ್ತಿನಲ್ಲಿ ಮುಖ ಬದಲಿಸಬಾರದು. ಬೇವೆಂದು ನನಗೆ ಮೊದಲೇ ಅನುಮಾನವಿತ್ತು ಎಂದೆ. ಬೇವಿಗೆ ಹುಳ ಹತ್ತುವುದಿಲ್ಲ, ಕೂಸಿನ ಅರಿವೆ ಇಡಲು ಸಾಗವಾನಿಗಿಂತ ಬೇವೇ ಶ್ರೇಷ್ಠ ಎಂದೂ ಸೇರಿಸಿದೆ. ಕಾಕಾ ತಲೆಯಾಡಿಸಿದರು. ಆಮೇಲೆ ಹೋಗುವಾಗ, "ಮತ್ತ ನಾಕ್ ನಾಕ್ ಸಲ ಬಣ್ಣ ಯಾಕ್ ಬಡದಾರಂತ ಮಾಡೀರಿ? ಬೇವು ಕಾಣಬಾರ್ದಂತ. ಮಾರಿದಾಂವ ಮಾರಿದಾಂವ ಒಂದೊಂದು ಕೈ ಬಡದಾನ" ಎಂದರು. ಮದುವೆ-ಪದರ ಸಿದ್ಧಾಂತಕ್ಕೆ ಬಂದ ಏಕೈಕ ವಿರೋಧ ಇದು. ಕಾಕಾ ನನ್ನ ಟಿಪ್ಪಣಿಗಳನ್ನು ಓದಿಲ್ಲವಾದ್ದರಿಂದ ಇದಕ್ಕೆ ಉತ್ತರಿಸುವ ಅಗತ್ಯ ನನಗೆ ಕಂಡಿಲ್ಲ. ಆ ಅಕ್ಕ-ತಂಗಿ ಎಲ್ಲಿದ್ದರೂ ಚೆನ್ನಾಗಿರಲಿ.

ಬಣ್ಣ ಆರಿಸಲು ಬಸವನ ಬಾಗೇವಾಡಿಗೆ ಹೋದೆ. ಅಂಗಡಿಯವರು ಗಂಡೋ ಹೆಣ್ಣೋ ಎಂದು ಕೇಳಿದರು. ಲಿಂಗ ಪತ್ತೆ ನಿಷೇಧದ 1994ರ ಕಾಯ್ದೆಯನ್ನು ನಾನು ನೆನಪಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಶೇಡ್ ಕಾರ್ಡ್ ಕೈಗಿಟ್ಟರು. ಅದರಲ್ಲಿ ಬಿಳಿ ಒಂದಕ್ಕೇ ಮೂವತ್ತು ಇಂಗ್ಲಿಷ್ ಹೆಸರು. ಮನೆಗೆ ತಂದು ಅವ್ವನಿಗೂ ಓಣಿಯ ಹೆಂಗಸರಿಗೂ ತೋರಿಸಿದಾಗ ಅವರು ಐದೇ ನಿಮಿಷದಲ್ಲಿ ಪೂರ್ತಿ ಕಾರ್ಡನ್ನು ಕನ್ನಡಿಸಿದರು: ಇದು ಬಿಳಿ ಜ್ವಾಳದ ಹಿಟ್ಟು, ಇದು ಬಿಸಿ ರೊಟ್ಟಿ, ಇದು ಎರಡು ದಿನದ ಕಟಿ ರೊಟ್ಟಿ, ಇದು ಸಜ್ಜಿ ರೊಟ್ಟಿ, ಇದು ಶೇಂಗಾ ಹಿಂಡಿ, ಇದು ಹೆಸರುಕಾಳು ಮೊಳಕೆ ಬಂದದ್ದು, ಇದು ಮೊಳಕೆ ಬಂದು ಕೆಟ್ಟದ್ದು. ಬಣ್ಣದ ಕಂಪನಿಗಳಿಗೆ ಈ ಓಣಿಯ ವಿಳಾಸ ಬೇಕಾದರೆ ಕೊಡುತ್ತೇನೆ; ದಯವಿಟ್ಟು 'ಹೂವಿನ' ಎಂದು ಸ್ಪಷ್ಟವಾಗಿ ಬರೆಯಿರಿ.

ಕೊನೆಗೆ ಬಣ್ಣವೇ ಬೇಡ, ಚಪಡಾ ಪಾಲಿಶ್ ಹಾಕುವುದೆಂದು ತೀರ್ಮಾನಿಸಿದೆ. ಇದರ ಹಿಂದೆ ಆಳವಾದ ಚಿಂತನೆ ಇದೆ. ಚನ್ನಪಟ್ಟಣದ ಆಟಿಕೆಗೆ ಹಚ್ಚುವುದು ಅರಗು. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಮೆರುಗು ಕೊಡುವುದೂ ಅರಗೇ. ಅಂಬರೀಶ್ ಅವರು ತೀರಿಕೊಳ್ಳುವ ಮುಂಚೆ ಯಶ್ ಅವರ ಕೂಸಿಗೆಂದು ಮಾಡಿಸಲು ಹೇಳಿದ್ದ, 2018ರಲ್ಲಿ ರಾಜ್ಯವೆಲ್ಲ ಮಾತಾಡಿದ ತೊಟ್ಟಿಲು ಆ ಊರಿನದು. ಮುತ್ತುಗ, ಬೋರೆಗಿಡಗಳ ಮೇಲೆ ಕೂತ ಸಣ್ಣ ಹುಳ ಸುರಿಸುವ ಅಂಟೇ ಅರಗು. ಶುದ್ಧ ಮಾಡಿ ಹಾಳೆ ಮಾಡಿದರೆ ಚಪಡಾ. ಗುಳಿಗೆಗೂ ಮಿಠಾಯಿಗೂ ಮೇಲೆ ಹೊಳಪು ಬರಲು ಅದನ್ನೇ ಹಚ್ಚುತ್ತಾರೆ. ಕೂಸು ಕಪಾಟು ನೆಕ್ಕಿದರೂ ಮಿಠಾಯಿ ನೆಕ್ಕಿದಂತೆಯೇ. ಲೀಟರ್ ಸ್ಪಿರಿಟಿಗೆ ಹತ್ತಿರ ಹತ್ತಿರ ಕಾಲು ಕಿಲೋ ಚಪಡಾ ಹಾಕಿ ಒಂದು ರಾತ್ರಿ ಬಿಟ್ಟರೆ ಕರಗುತ್ತದೆ. ಅರಿವೆಯ ಉಂಡೆಯಿಂದ ತೆಳ್ಳಗೆ ಎಳೆಯಬೇಕು, ಸ್ಪಿರಿಟ್ ಪೂರ್ತಿ ಆರಬೇಕು.

ಚಪಡಾಕ್ಕೆ ಮೂರು ವೈರಿಗಳು: ಬಿಸಿ, ಸೆರೆ, ಅಮೋನಿಯಾ. ಬಿಸಿ ಚಹಾದ ಲೋಟ ಇಟ್ಟರೆ ಬೆಳ್ಳನೆಯ ಉಂಗುರ ಬೀಳುತ್ತದೆ, ಸೆರೆ ಚೆಲ್ಲಿದರೆ ಕರಗುತ್ತದೆ, ಹಳಸಿದ ಉಚ್ಚೆಯ ಅಮೋನಿಯಾಕ್ಕೆ ಕಿತ್ತು ಬರುತ್ತದೆ. ಮೂರರಲ್ಲಿ ಒಂದನ್ನು ಕೂಸು ಸ್ವತಃ ತಯಾರಿಸುತ್ತದೆ ಎಂಬುದು ನನ್ನ ಗಮನಕ್ಕೆ ನಾಲ್ಕನೆಯ ಕೈ ಹಚ್ಚಿದ ಮೇಲೆ ಬಂತು.

ಇನ್ನೊಂದು ಎಚ್ಚರಿಕೆ ಸ್ಪಿರಿಟ್ ಬಗ್ಗೆ. ನಾನು ಐದು ಲೀಟರ್ ಸ್ಪಿರಿಟ್ ತಂದ ಸುದ್ದಿ ಅಂದೇ ಸಂಜೆ ಊರಲ್ಲಿ ಹರಡಿತು. ಸಲಹಾ ಸಮಿತಿಯ ಹಾಜರಿ ಇದ್ದಕ್ಕಿದ್ದಂತೆ ಮೂರು ಪಟ್ಟಾಯಿತು. ಇದುವರೆಗೆ ಕಟಗಿಯ ಬಗ್ಗೆ ಆಸಕ್ತಿ ತೋರಿಸದವರೂ ಸೂರ್ಯ ಮುಳುಗುವ ಹೊತ್ತಿಗೆ ಬಂದು, "ಸಹಾಯ ಏನರ ಬೇಕೇನ್ರಿ ಸರ" ಎಂದು ಕೂತರು. ಅದರಲ್ಲಿ ಮಿಥೆನಾಲ್ ಬೆರೆಸಿರುತ್ತದೆ, ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ ಎಂದು ವಿವರಿಸಿದೆ. ಮರುದಿನ ಜಾಲಿಗಿಡದ ಕೆಳಗೆ ನಾನು ಮತ್ತು ಕಪಾಟು ಇಬ್ಬರೇ.

ಅದು ಜೋಳದ ರಾಶಿಯ ಕಾಲ. ಪಕ್ಕದ ಹೊಲದಲ್ಲಿ ಮಷಿನ್ ಹಚ್ಚಿದರು. ಗಾಳಿ ನಮ್ಮ ಕಡೆಗಿತ್ತು. ಒಂದು ತಾಸಿನಲ್ಲಿ ಕಪಾಟಿನ ಮೈತುಂಬ ಹೊಟ್ಟು ಕೂತಿತು. ಪಟ್ಟಣಗಳಲ್ಲಿ ಟೆಕ್ಸ್ಚರ್ ಎಂದು ಚದರಡಿ ಲೆಕ್ಕದಲ್ಲಿ ಹಣ ತೆಗೆದುಕೊಂಡು ಮಾಡುವ ಕೆಲಸ ನಮ್ಮಲ್ಲಿ ಪುಕ್ಕಟೆ ಆಗುತ್ತದೆ. ನಾನು ಅದನ್ನು ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಹಚ್ಚಿದೆ. ಎರಡನೆಯ ಸಲ ಹೊಟ್ಟಿಗೆ ಬದಲು ಗುಬ್ಬಿ ಕೂತಿತು. ಅದರ ಕಾಲಿನ ಗುರುತು ಎಡಬದಿಯಲ್ಲಿ ಇವತ್ತಿಗೂ ಇದೆ. ಕೂಸಿನ ಖೋಲಿಗೆ ಗುಬ್ಬಿಯ ಚಿತ್ರ ಇರಲೆಂದು ನಾನೇ ಬಿಡಿಸಿದ್ದು ಎಂದು ಕೇಳಿದವರಿಗೆ ಹೇಳುತ್ತೇನೆ.

ಯುಗಾದಿ ಮುಗಿದು ಎಂಟು ದಿನಕ್ಕೆ ಕೂಸು ಹುಟ್ಟಿತು. ಹೆಣ್ಣು. ಸುದ್ದಿ ಬಂದಾಗ ನಾನು ಎರಡನೆಯ ಖಾನೆಯ ಒಳಮೈ ಉಜ್ಜುತ್ತಿದ್ದೆ. ಕೈ ತೊಳೆದುಕೊಂಡು, ಅಂಗಿ ಬದಲಿಸಿ, ಸೀಸದ ಧೂಳು ಜೊತೆಗೆ ಹೋಗಬಾರದೆಂದು ಮತ್ತೆ ತಲೆ ತೊಳೆದುಕೊಂಡು ತಾಳಿಕೋಟಿ ತಲುಪುವಾಗ ಕತ್ತಲಾಗಿತ್ತು. ಕೂಸನ್ನು ನೋಡಿದೆ. ಮುಷ್ಟಿ ಬಿಗಿ ಹಿಡಿದು ಮಲಗಿತ್ತು. ಆ ಮುಷ್ಟಿಯ ಅಳತೆಗೆ ನನ್ನ ಕಪಾಟಿನ ಹಿಡಿಕೆ ತೀರ ದೊಡ್ಡದೆಂದು ಹೊಳೆಯಿತು. ಹೆಂಡತಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಬಾಣಂತಿ ಖೋಲಿಯ ತಪಾಸಣೆ ನನ್ನ ಕರ್ತವ್ಯವಾಗಿತ್ತು. ಕೂಸಿನ ಕಣ್ಣಿಗೆ ಅತ್ತೆ ಕಾಡಿಗೆ ಹಚ್ಚಿದ್ದರು. ಪೇಟೆಯಲ್ಲಿ ಸಿಗುವ ಸುರಮಾದಲ್ಲಿ ಸೀಸದ ಸಲ್ಫೈಡ್ ಇರುವುದುಂಟು, ಕೆಲವು ಕಡೆ ಅರಿಶಿನಕ್ಕೂ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಬೆರೆಸಿ ಸಿಕ್ಕಿಬಿದ್ದಿದ್ದಾರೆ, ಇದರ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಕೇಳಿದೆ. ಅತ್ತೆ ಎದ್ದು ಹೋಗಿ, ಹರಳೆಣ್ಣೆ ದೀಪಕ್ಕೆ ಕವುಚಿ ಹಾಕಿ ಮಸಿ ಹಿಡಿದ ತಾಟು ತಂದು ತೋರಿಸಿದರು. ಅರಿಶಿನ ಹೊಲದ್ದೇ, ಮನೆಯಲ್ಲೇ ಕುಟ್ಟಿದ್ದು. "ಮತ್ತೇನರ ಕೇಳೂದೈತೇನ್ರಿ ಅಳಿಯಂದಿರ?" ಏನೂ ಇರಲಿಲ್ಲ. ತಾಳಿಕೋಟಿಯ ಹೆಸರಿನ ಯುದ್ಧದಲ್ಲಿ 1565ರಲ್ಲಿ ವಿಜಯನಗರದ ಸೈನ್ಯವೇ ಸೋತಿದೆ. ನಾನು ಒಬ್ಬನೇ ಹೋಗಿದ್ದೆ. ಆದರೂ ಕೂಸಿನ ಕಣ್ಣೊಳಗೆ ಏನನ್ನೂ ಹಚ್ಚಬೇಡಿ ಎಂದು ಡಾಕ್ಟರರು ಹೇಳುತ್ತಾರೆಂದು ಮೆಲ್ಲಗೆ ಅಂದೆ. ಮರುದಿನದಿಂದ ಬೊಟ್ಟು ಕೆನ್ನೆಗೂ ಪಾದಕ್ಕೂ ಮಾತ್ರ ಬಿತ್ತು. ಏಳು ತಿಂಗಳಲ್ಲಿ ನನ್ನ ಒಂದು ಶಿಫಾರಸು ಅಂಗೀಕಾರವಾದದ್ದು ಇದೇ. ಅದು ಕಪಾಟಿಗೆ ಸಂಬಂಧಿಸಿದ್ದಲ್ಲ.

ಈಗ ಅತ್ಯಂತ ಮುಖ್ಯ ಹಂತ: ಗೋಡೆಗೆ ಬಿಗಿಯುವುದು. ಖಾನೆ ಕಪಾಟು ಕೂಸಿಗೆ ನಿಜವಾದ ಅಪಾಯ. ಮಕ್ಕಳು ಖಾನೆಗಳನ್ನು ಎಳೆದು ಮೆಟ್ಟಿಲಿನ ಹಾಗೆ ಹತ್ತುತ್ತಾರೆ, ಕಪಾಟು ಮುಂದಕ್ಕೆ ಮಗುಚುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತಿದ್ದರಿಂದ ಐಕಿಯಾ ಕಂಪನಿ 2016ರಲ್ಲಿ ಸುಮಾರು 2.9 ಕೋಟಿ ಕಪಾಟುಗಳನ್ನು ಹಿಂದಕ್ಕೆ ಕರೆಯಿತು, 2022ರಲ್ಲಿ ಅಲ್ಲಿ ಕಾನೂನೇ ಆಯಿತು. ಕಪಾಟು ಎಷ್ಟೇ ಭಾರವಿರಲಿ, ಗೋಡೆಗೆ ಬಿಗಿಯಲೇಬೇಕು. ಇದರಲ್ಲಿ ರಾಜಿ ಇಲ್ಲ.

ನಮ್ಮದು ಕಲ್ಲು-ಮಣ್ಣಿನ ಗೋಡೆ, ಎರಡು ಅಡಿ ದಪ್ಪ. ಡ್ರಿಲ್ ಹಚ್ಚಿದರೆ ಮೊದಲ ಎರಡು ಇಂಚು ಮಣ್ಣು, ಆಮೇಲೆ ಕರಿಕಲ್ಲು. ಮಣ್ಣಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಕಲ್ಲಿನಲ್ಲಿ ಬಿಟ್ ಉಳಿಯುವುದಿಲ್ಲ. ಮೂರು ಬಿಟ್ ಮುರಿದು, ಒಂದು ಬುಟ್ಟಿ ಮಣ್ಣು ಕೆಳಗೆ ಬಿದ್ದ ಮೇಲೆ ಗೋಡೆಯನ್ನು ಸರಿಯಾಗಿ ನೋಡಿದೆ. ಮೊಳಕಾಲೆತ್ತರದಲ್ಲಿ ಒಂದು ಕಟಗಿಯ ಗೂಟವಿತ್ತು. ಮನೆ ಕಟ್ಟುವಾಗಲೇ ಕಲ್ಲಿನ ನಡುವೆ ಕೂರಿಸಿದ್ದು. ಆ ಖೋಲಿ ಅಜ್ಜನ ಕಾಲದಲ್ಲಿ ದನದ ಅಂಕಣವಾಗಿತ್ತು. ಎತ್ತು ಜಗ್ಗಿದರೂ ಬರದ ಗೂಟ. ಎತ್ತುಗಳನ್ನು ಮಾರಿ ಮೂರು ವರ್ಷವಾಗಿತ್ತು, ಕಣ್ಣಿ ಅಟ್ಟದಲ್ಲಿ ವಿಷದ ಚೀಲದ ಪಕ್ಕ ಇತ್ತು. ಕಪಾಟಿನ ಹಿಂದಿನ ಪಟ್ಟಿಗೆ ಎರಡು ಕೊಂಡಿ ಹೊಡೆದು, ಕಣ್ಣಿ ಹಾಕಿ ಗೂಟಕ್ಕೆ ಬಿಗಿದೆ. ನಾನು ಜೋತುಬಿದ್ದು ಪರೀಕ್ಷಿಸಿದೆ. ಅಲುಗಲಿಲ್ಲ.

ನೋಡಲು ಬಂದ ಬಡಿಗೇರ ಕಾಕಾ ಬಾಗಿಲಲ್ಲೇ ನಿಂತರು. ಕಪಾಟು ನೋಡಿದರು, ಕಣ್ಣಿ ನೋಡಿದರು.

"ಹಾಯತೈತೇನ್ರಿ ಸರ?"

ಪಂಚಮಿ ಮುಗಿಸಿಕೊಂಡು, ಐದನೆಯ ತಿಂಗಳಲ್ಲಿ, ತಾಯಿ-ಕೂಸು ಬಂದರು. ಟೆಂಪೋದಲ್ಲಿ ತೊಟ್ಟಿಲು ಬಂತು. ಅತ್ತೆಯ ತವರಿನಿಂದ ಅತ್ತೆಗೆ ಬಂದದ್ದಂತೆ, ಹೆಂಡತಿಯೂ ಅವಳ ಅಣ್ಣ-ತಮ್ಮಂದಿರೂ ಅದರಲ್ಲೇ ಮಲಗಿದ್ದರಂತೆ. ಯಾರೂ ಅದರ ಮೇಲೆ ಏಳು ತಿಂಗಳು ಕೆಲಸ ಮಾಡಿರಲಿಲ್ಲ. ಒರೆಸಿ ತಂದಿದ್ದರು. ತೊಲೆಯ ಕೊಂಡಿಗೆ ತೂಗಿಹಾಕಿ ಕೂಸನ್ನು ಹಾಕಿದರು, ಅದು ನಿದ್ದೆ ಹೋಯಿತು. ಕುಂಚಿಗೆ, ಕೌದಿ, ಅಂಗಿಗಳು ಹೆಂಡತಿಯ ಟ್ರಂಕಿನಲ್ಲಿದ್ದವು. ಕಪಾಟಿನಲ್ಲಿ ಇಡು ಎಂದೆ. ಮೇಲಿನ ಖಾನೆ ತೆರೆಯಲಿಲ್ಲ. ಶ್ರಾವಣದ ಮಳೆಗೆ ಬೇವು ಉಬ್ಬಿ ಕಚ್ಚಿಕೊಂಡಿತ್ತು. ಅಂಚಿಗೆ ಮೇಣಬತ್ತಿ ತಿಕ್ಕಬೇಕು, ಸಾಬೂನು ತಿಕ್ಕಿದರೆ ತೇವ ಹಿಡಿಯುತ್ತದೆ. ಇದನ್ನು ನಾನು ಬಲ್ಲೆ, ಆದರೆ ಮೇಣಬತ್ತಿ ಎರಡನೆಯ ಖಾನೆಯಲ್ಲಿತ್ತು, ಅದೂ ತೆರೆಯಲಿಲ್ಲ. ಕಾಕಾ ಬಂದು ರಂದಾ ಎರಡು ಸಲ ಆಡಿಸಿ ಸರಿಮಾಡಿದರು. ಅಷ್ಟರಲ್ಲಿ ಮೂರೂ ಖಾನೆಗೆ ಅವ್ವ ಹಕ್ಕು ಸ್ಥಾಪಿಸಿದ್ದಳು. ಮೇಲಿನದರಲ್ಲಿ ಪಹಣಿ, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ. ನಡುವಿನದರಲ್ಲಿ ಬಿತ್ತುವ ಹೀರೆ, ಅವರೆ, ಸವತೆ ಬೀಜ. ಬೇವಿಗೆ ಹುಳ ಬರುವುದಿಲ್ಲವಲ್ಲ, ಅದನ್ನು ನಾನೇ ಹೇಳಿದ್ದೆ. ಕೆಳಗಿನದು ಕೂಸಿಗೆಂದು ಖಾಲಿ ಬಿಟ್ಟಿದ್ದಾಳೆ, ದೊಡ್ಡದಾದ ಮೇಲೆ ಪಾಟಿ-ಪುಸ್ತಕ ಇಡಲಿ ಎಂದು.

ಎಂಟನೆಯ ತಿಂಗಳಿಗೆ ಕೂಸು ಅಂಬೆಗಾಲು ಇಟ್ಟಿತು. ಹಲ್ಲು ಬರುವ ಕಾಲ, ಸಿಕ್ಕಿದ್ದು ಬಾಯಿಗೆ. ನಾನು ಕಾಯುತ್ತಿದ್ದ ದಿನ ಅದು. ಸೀಸವಿಲ್ಲದ, ಮಿಠಾಯಿಗೆ ಹಚ್ಚುವ ಅರಗಿನ ನಾಲ್ಕು ಕೈ ಪಾಲಿಶ್ ಕಂಡ, 220ರ ಪೇಪರಿನಲ್ಲಿ ನಯವಾದ ಕಪಾಟಿನ ಮೂಲೆಯನ್ನು ಅರಿವೆಯಿಂದ ಒರೆಸಿ ಕೂಸನ್ನು ಅದರ ಮುಂದೆ ಕೂರಿಸಿದೆ. ಅದು ಕಪಾಟನ್ನು ನೋಡಲಿಲ್ಲ. ಪಕ್ಕದ ಸಂದಿಯಲ್ಲಿ ತೂರಿ, ಗೋಡೆಯ ಕಡೆ ಹೋಗಿ, ಕಣ್ಣಿಯ ಜೋತ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಿತು. ಬಿಡಿಸಲು ಹೋದರೆ ಕಿರುಚುತ್ತದೆ.

"ಎತ್ತಿನ ಹಗ್ಗ, ಏನಾಗತೈತಿ ಬಿಡೋ ಮಾರಾಯಾ" ಎಂದಳು ಅವ್ವ.

ಸದ್ಯ ನಾನು ಪುಂಡಿನಾರಿನ ಹಗ್ಗಗಳ ಬಗ್ಗೆ ಓದುತ್ತಿದ್ದೇನೆ. ತಾಲೂಕಿನಲ್ಲಿ ಈ ವಿಷಯಕ್ಕೂ ಬೇರೆ ತಜ್ಞರು ಇದ್ದಂತಿಲ್ಲ.